ಪ್ರಮಾಣದ ನಂತರದ ಪ್ರಶ್ನೆಗಳು: ಪೌರತ್ವ ಸಂದರ್ಶನ ಮತ್ತು ಬಾಗಲಕೋಟೆ ಸೀಮೆಯ ಕುಟುಂಬಗಳು

ಪೌರತ್ವ ಸಂದರ್ಶನವೆಂದರೆ, ತಾನು ಹುಟ್ಟದ ನಾಡಿನ ಪ್ರಜೆಯಾಗಲು ಬಯಸಿ ಅರ್ಜಿ ಹಾಕಿದ ವ್ಯಕ್ತಿಯನ್ನು ಆ ನಾಡಿನ ಅಧಿಕಾರಿಯೊಬ್ಬರು ಎದುರು ಕೂರಿಸಿಕೊಂಡು, ಸತ್ಯವನ್ನೇ ನುಡಿಯುವುದಾಗಿ ಪ್ರಮಾಣ ಮಾಡಿಸಿ, ಅರ್ಜಿಯಲ್ಲಿ ಬರೆದ ಒಂದೊಂದು ಸಂಗತಿಯನ್ನೂ ಬಾಯಿಮಾತಿನಲ್ಲಿ ಕೇಳಿ ಖಚಿತಪಡಿಸಿಕೊಳ್ಳುವ ಕಾನೂನುಬದ್ಧ ವಿಧಾನ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್‌ಗಳಂಥ ಊರುಗಳಲ್ಲಿ ಎರಡು ತಲೆಮಾರಿನ ಹಿಂದೆ ಈ ಮಾತಿಗೆ ಅಷ್ಟಾಗಿ ಪ್ರಸಕ್ತಿಯೇ ಇರಲಿಲ್ಲ. 1906ರಲ್ಲಿ ಆರಂಭವಾದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು 1963ರಲ್ಲಿ ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಕಾಲೇಜನ್ನೂ ಮುಂದೆ ವೈದ್ಯಕೀಯ ಕಾಲೇಜನ್ನೂ ತೆರೆದ ಮೇಲೆ ಈ ಸೀಮೆಯ ಒಕ್ಕಲುತನದ ಮನೆಗಳಿಂದ, ನೇಕಾರರ ಓಣಿಗಳಿಂದ ಓದಿ ಹೊರಟವರು ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಗಳಲ್ಲಿ ನೆಲೆಸಿದರು. ಅವರ ಹಿಂದೆಯೇ ವಯಸ್ಸಾದ ತಂದೆತಾಯಿಯರೂ ಹೋಗತೊಡಗಿದರು. ಹೀಗೆ ಹೋದವರಲ್ಲಿಯೂ ಊರಲ್ಲಿ ಉಳಿದ ಅವರ ಬಳಗದಲ್ಲಿಯೂ ಬೇರೂರಿರುವ ತಿಳಿವಳಿಕೆಯೆಂದರೆ, ಪೌರತ್ವ ಸಂದರ್ಶನವು ಶಾಲೆಯ ಪರೀಕ್ಷೆಯ ಹಾಗೆ, ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿದರೆ ಸಾಕು, ದಾಟಿಬಿಡಬಹುದು ಎಂಬುದು. ಈ ತಿಳಿವಳಿಕೆ ತಪ್ಪು ಮಾತ್ರವಲ್ಲ, ಅಪಾಯಕಾರಿಯೂ ಹೌದು. ಸಂದರ್ಶನದಲ್ಲಿ ಅತ್ಯಂತ ಸುಲಭವಾದ ಭಾಗವೇ ಬಾಯಿಪಾಠದ ಭಾಗ. ನಿಜವಾದ ಪರೀಕ್ಷೆ ನಡೆಯುವುದು ಅರ್ಜಿದಾರರು ತಮ್ಮದೇ ಬದುಕಿನ ಬಗ್ಗೆ ಬರೆದುಕೊಟ್ಟ ಮಾತುಗಳ ಮೇಲೆ.

ಅಮೆರಿಕದ ಪದ್ಧತಿಯನ್ನು ಇಲ್ಲಿ ಮುಖ್ಯವಾಗಿ ಎತ್ತಿಕೊಳ್ಳುವುದಕ್ಕೆ ಕಾರಣವಿದೆ. ಬ್ರಿಟನ್ನಿನಲ್ಲಿ ದೇಶದ ಬದುಕಿನ ಬಗ್ಗೆ 24 ಪ್ರಶ್ನೆಗಳ ಪರೀಕ್ಷೆಯೊಂದು ಗಣಕಯಂತ್ರದ ಮುಂದೆ ನಡೆಯುತ್ತದೆ, ಎದುರುಬದುರು ಸಂದರ್ಶನವು ಅಲ್ಲಿ ವಾಡಿಕೆಯಲ್ಲ. ಕೆನಡಾದಲ್ಲಿ 20 ಪ್ರಶ್ನೆಗಳಲ್ಲಿ 15ಕ್ಕೆ ಸರಿಯುತ್ತರ ಬೇಕು. ಅಮೆರಿಕದಲ್ಲಾದರೆ ಪ್ರಮಾಣ, ವಿಚಾರಣೆ, ಭಾಷೆ, ತಿಳಿವಳಿಕೆ ಈ ನಾಲ್ಕೂ ಒಬ್ಬನೇ ಅಧಿಕಾರಿಯ ಎದುರು ಒಂದೇ ಕೂರಿಕೆಯಲ್ಲಿ ನಡೆಯುತ್ತವೆ. ಗ್ರೀನ್ ಕಾರ್ಡ್ ಎಂದು ಜನ ಕರೆಯುವ ಖಾಯಂ ವಾಸದ ಪರವಾನಗಿ ಪಡೆದು ಸಾಮಾನ್ಯವಾಗಿ ಐದು ವರ್ಷ, ಅಮೆರಿಕದ ಪ್ರಜೆಯನ್ನು ಮದುವೆಯಾಗಿ ಜೊತೆಯಲ್ಲಿ ಬಾಳುತ್ತಿರುವವರಾದರೆ ಮೂರು ವರ್ಷ ಕಳೆದ ಮೇಲೆ ಎನ್-400 ಎಂಬ ಅರ್ಜಿಯನ್ನು ಸಲ್ಲಿಸಬೇಕು. ಬೆರಳಚ್ಚು ಕೊಟ್ಟ ಬಳಿಕ ಸಂದರ್ಶನಕ್ಕೆ ಕರೆ ಬರುತ್ತದೆ. ಕೋಣೆಗೆ ಹೋದ ಕೂಡಲೇ ಅಧಿಕಾರಿಯು ಬಲಗೈ ಎತ್ತಿಸಿ ಪ್ರಮಾಣ ಮಾಡಿಸುತ್ತಾರೆ. ಅಲ್ಲಿಂದ ಮುಂದೆ ಆಡುವ ಪ್ರತಿಯೊಂದು ಮಾತೂ ಸಾಕ್ಷ್ಯವೇ. ಊರು, ವಿಳಾಸ, ಕೆಲಸ, ಮದುವೆ, ಮಕ್ಕಳು, ಪ್ರವಾಸಗಳು ಹೀಗೆ ಸಹಜವೆನಿಸುವ ಮಾತುಕತೆಯಲ್ಲಿಯೇ ಅರ್ಜಿದಾರರ ಇಂಗ್ಲಿಷ್ ಮಾತಿನ ಮಟ್ಟವನ್ನೂ ಅಧಿಕಾರಿ ಅಳೆಯುತ್ತಿರುತ್ತಾರೆ. ಓದುವ ಪರೀಕ್ಷೆಯಲ್ಲಿ ಮೂರು ವಾಕ್ಯಗಳಲ್ಲಿ ಒಂದನ್ನು ಸರಿಯಾಗಿ ಓದಿದರೆ, ಬರೆಯುವ ಪರೀಕ್ಷೆಯಲ್ಲಿ ಮೂರರಲ್ಲಿ ಒಂದನ್ನು ಅರ್ಥವಾಗುವಂತೆ ಬರೆದರೆ ಸಾಕು.

ಚರಿತ್ರೆ ಮತ್ತು ಆಡಳಿತದ ಪ್ರಶ್ನೆಗಳ ವಿಷಯ ಹೆಚ್ಚು ಚರ್ಚೆಗೆ ಯೋಗ್ಯವಲ್ಲ. 2008ರಿಂದ ಬಳಕೆಯಲ್ಲಿದ್ದ ಪಟ್ಟಿಯಲ್ಲಿ 100 ಪ್ರಶ್ನೆಗಳಿದ್ದು, ಹತ್ತನ್ನು ಕೇಳಿದಾಗ ಆರಕ್ಕೆ ಉತ್ತರಿಸಬೇಕಿತ್ತು. 2025ರ ಅಕ್ಟೋಬರ್ 20ರಿಂದ ಈಚೆಗೆ ಸಲ್ಲಿಕೆಯಾದ ಅರ್ಜಿಗಳಿಗೆ 128 ಪ್ರಶ್ನೆಗಳ ಹೊಸ ಪಟ್ಟಿಯಿಂದ ಇಪ್ಪತ್ತನ್ನು ಕೇಳಿ ಹನ್ನೆರಡಕ್ಕೆ ಸರಿಯುತ್ತರ ನಿರೀಕ್ಷಿಸಲಾಗುತ್ತದೆ. ಪ್ರಶ್ನೆಗಳೂ ಉತ್ತರಗಳೂ ಮೊದಲೇ ಪ್ರಕಟವಾಗಿರುತ್ತವೆ. ಮೊದಲ ಸಲ ತಪ್ಪಿದವರಿಗೆ 60ರಿಂದ 90 ದಿನಗಳೊಳಗೆ, ತಪ್ಪಿದ ಭಾಗಕ್ಕೆ ಮಾತ್ರ, ಇನ್ನೊಂದು ಅವಕಾಶ ಸಿಗುತ್ತದೆ. ಬೆಳಿಗ್ಗೆ ಎದ್ದು ಮಗ್ಗಿ ಒಪ್ಪಿಸಿ ಬೆಳೆದ ತಲೆಮಾರಿಗೆ ಇದು ದೊಡ್ಡ ಭಾರವೇನಲ್ಲ.

ಭಾರವಿರುವುದು ಅರ್ಜಿಯ ಕೊನೆಯ ಪುಟಗಳಲ್ಲಿ. ಎಂದಾದರೂ ಬಂಧನಕ್ಕೆ ಒಳಗಾಗಿದ್ದುಂಟೇ, ಆರೋಪ ಮುಗಿದುಹೋಗಿದ್ದರೂ ಸರಿಯೇ. ಎಂದಾದರೂ ತೆರಿಗೆಯ ವಿವರ ಸಲ್ಲಿಸದೆ ಬಿಟ್ಟಿದ್ದುಂಟೇ. ತಾನು ಅಮೆರಿಕದ ಪ್ರಜೆಯೆಂದು ಎಲ್ಲಾದರೂ ಹೇಳಿಕೊಂಡದ್ದುಂಟೇ. ಅಲ್ಲಿನ ಚುನಾವಣೆಯಲ್ಲಿ ಮತ ಹಾಕಿದ್ದುಂಟೇ. ಯಾವ ಸಂಘಸಂಸ್ಥೆಗಳ ಸದಸ್ಯತ್ವವಿತ್ತು. ಕಮ್ಯುನಿಸ್ಟ್ ಪಕ್ಷದೊಡನೆ ಸಂಬಂಧವಿತ್ತೇ. 18ರಿಂದ 26ರ ನಡುವಿನ ವಯಸ್ಸಿನಲ್ಲಿ ಖಾಯಂ ನಿವಾಸಿಯಾಗಿದ್ದ ಗಂಡಸಾದರೆ ಸೇನೆಯ ಆಯ್ಕೆ ಪಟ್ಟಿಯಲ್ಲಿ ಹೆಸರು ನೋಂದಾಯಿಸಿದ್ದುಂಟೇ ಎಂಬ ಪ್ರಶ್ನೆಗಳು ಸಾಲಾಗಿ ಬರುತ್ತವೆ. ಇವೆಲ್ಲ ಕಾನೂನು 'ಉತ್ತಮ ನಡತೆ' ಎಂದು ಕರೆಯುವ ಅರ್ಹತೆಯನ್ನು ತೂಗಿನೋಡುವ ಪ್ರಶ್ನೆಗಳು. 2025ರ ಆಗಸ್ಟ್‌ನಲ್ಲಿ ಹೊರಬಿದ್ದ ಮಾರ್ಗದರ್ಶಿಯು, ಅಪರಾಧವಿಲ್ಲದಿದ್ದರೆ ಸಾಲದು, ಅರ್ಜಿದಾರರ ಒಟ್ಟು ಬದುಕನ್ನೂ ಸಮಾಜಕ್ಕೆ ಅವರು ಸಲ್ಲಿಸಿದ ಕೊಡುಗೆಯನ್ನೂ ನೋಡಬೇಕೆಂದು ಅಧಿಕಾರಿಗಳಿಗೆ ಸೂಚಿಸಿರುವುದರಿಂದ ಈ ಭಾಗದ ತೂಕ ಇನ್ನೂ ಹೆಚ್ಚಿದೆ. ಇಲ್ಲಿ ನ್ಯಾಯಾಲಯದ ಎರಡು ತೀರ್ಪುಗಳನ್ನು ತಿಳಿದಿರುವುದು ಒಳ್ಳೆಯದು. 1988ರ ಕುಂಗೀಸ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಪೌರತ್ವದ ಲಾಭಕ್ಕಾಗಿ ಪ್ರಮಾಣದ ಮೇಲೆ ನುಡಿದ ಸುಳ್ಳು ನಡತೆಯನ್ನು ಕೆಡಿಸಲು ಸಾಕು, ಆ ಸುಳ್ಳು ಮುಖ್ಯ ಸಂಗತಿಯ ಬಗ್ಗೆಯೇ ಇರಬೇಕೆಂದಿಲ್ಲ ಎಂದು ಹೇಳಿತು. 2017ರ ಮಾಸ್ಲೆನ್ಯಾಕ್ ಪ್ರಕರಣದಲ್ಲಿ ಅದೇ ನ್ಯಾಯಾಲಯವು, ಸುಳ್ಳು ಹೇಳಿದ ಅಪರಾಧಕ್ಕಾಗಿ ಈಗಾಗಲೇ ಕೊಟ್ಟ ಪೌರತ್ವವನ್ನು ಕಸಿಯಬೇಕಾದರೆ ಆ ಸುಳ್ಳು ಪೌರತ್ವ ದೊರೆಯುವುದರಲ್ಲಿ ಪಾತ್ರ ವಹಿಸಿರಬೇಕು ಎಂದು ಮಿತಿ ಹಾಕಿತು. ಎರಡನ್ನೂ ಜೋಡಿಸಿ ಓದಿದರೆ ತಿಳಿಯುವುದಿಷ್ಟು: ಮರೆತ ಸಣ್ಣ ದಂಡಕ್ಕಿಂತ, ಅದನ್ನು ಮುಚ್ಚಿಡಲು ಆಡಿದ ಮಾತೇ ದೊಡ್ಡ ತೊಡಕು.

ಸುಳ್ಳಾಡುವ ಉದ್ದೇಶವೇ ಇಲ್ಲದವರು ಕೂಡ ಇಲ್ಲಿ ಎಡವುವುದುಂಟು, ಮತ್ತು ಅದಕ್ಕೆ ಉತ್ತರ ಕರ್ನಾಟಕದ ವಿನಯವೇ ಕಾರಣವಾಗಬಲ್ಲದು. ಅಧಿಕಾರಿಯ ಎದುರು, ಹಿರಿಯರ ಎದುರು ಮಾತು ಪೂರ್ತಿ ತಿಳಿಯದಿದ್ದರೂ ತಲೆಯಾಡಿಸಿ ಹೌದ್ರಿ ಎನ್ನುವುದು ಈ ಸೀಮೆಯಲ್ಲಿ ಗೌರವದ ಸೂಚನೆ. ಕೇಳಿಸಿಕೊಳ್ಳುತ್ತಿದ್ದೇನೆ ಎಂಬುದಷ್ಟೇ ಅದರ ತಾತ್ಪರ್ಯ. ಪ್ರಮಾಣ ಮಾಡಿ ಕೂತ ಕೋಣೆಯಲ್ಲಿ ಅದೇ ಹೌದು ಒಪ್ಪಿಗೆಯಾಗಿ ದಾಖಲಾಗುತ್ತದೆ. ಪ್ರಜೆಯೆಂದು ಹೇಳಿಕೊಂಡದ್ದುಂಟೇ ಎಂಬ ಪ್ರಶ್ನೆಗೆ ಹಾಗೆ ಹೌದೆಂದವರು ಮಾಡದ ತಪ್ಪನ್ನು ಒಪ್ಪಿಕೊಂಡಂತೆ. ತಿಳಿಯದ ಪ್ರಶ್ನೆಯನ್ನು ಇನ್ನೊಮ್ಮೆ ಹೇಳಿರೆಂದು, ಬೇರೆ ಮಾತಿನಲ್ಲಿ ವಿವರಿಸಿರೆಂದು ಕೇಳಿಕೊಳ್ಳಲು ಅರ್ಜಿದಾರರಿಗೆ ಪೂರ್ಣ ಅವಕಾಶವಿದೆ. ಹಾಗೆ ಕೇಳಿಕೊಳ್ಳುವುದು ಅವಿನಯವಲ್ಲವೆಂದು ಮನೆಯ ಕಿರಿಯರು ಹಿರಿಯರಿಗೆ ಮನದಟ್ಟು ಮಾಡಿಕೊಡಬೇಕು. ಇದರೊಡನೆ ಇನ್ನೊಂದು ಎಚ್ಚರವನ್ನೂ ಹೇಳಬೇಕು. ವಾಹನ ಪರವಾನಗಿ ಪಡೆಯುವ ಕಚೇರಿಯಲ್ಲಿ, ಮತದಾರರ ಪಟ್ಟಿಗೆ ಸೇರುವಿರಾ ಎಂಬ ಅಂಕಣಕ್ಕೆ ಗಡಿಬಿಡಿಯಲ್ಲಿ ಗುರುತು ಹಾಕಿದ ಖಾಯಂ ನಿವಾಸಿಗಳ ಹೆಸರು ಅಲ್ಲಿನ ಮತದಾರರ ಪಟ್ಟಿಗೆ ಸೇರಿಬಿಡಬಹುದು. ಪ್ರಜೆಯಲ್ಲದವರು ಮತ ಹಾಕಿದರೆ ಪೌರತ್ವ ಕೈತಪ್ಪುವುದು ಮಾತ್ರವಲ್ಲ, ಗಡೀಪಾರಿನ ಪ್ರಕ್ರಿಯೆಯೂ ಮೊದಲಾಗಬಹುದು.

ದಾಖಲೆಗಳ ವಿಷಯಕ್ಕೆ ಬಂದರೆ ಬಾಗಲಕೋಟೆ ಸೀಮೆಯ ಅರ್ಜಿದಾರರಿಗೆ ಬೇರೆ ಸೀಮೆಯವರಿಗಿಲ್ಲದ ತೊಡಕುಗಳಿವೆ. ಹುಟ್ಟಿದ ಊರು ಯಾವುದೆಂಬುದು ಎಲ್ಲಕ್ಕಿಂತ ಸರಳವಾದ ಪ್ರಶ್ನೆ. ಆದರೆ 1952ರಲ್ಲಿ ಇಳಕಲ್‌ನಲ್ಲಿ ಹುಟ್ಟಿದ ವ್ಯಕ್ತಿಯು ಹುಟ್ಟಿದ್ದು ಮುಂಬಯಿ ರಾಜ್ಯದ ಬಿಜಾಪುರ ಜಿಲ್ಲೆಯ ಹುನಗುಂದ ತಾಲ್ಲೂಕಿನಲ್ಲಿ. 1956ರ ನವೆಂಬರ್ 1ರಂದು ಆ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, 1973ರಲ್ಲಿ ಆ ರಾಜ್ಯ ಕರ್ನಾಟಕವಾಯಿತು, 1997ರ ಆಗಸ್ಟ್ 15ರಂದು ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು, 2014ರಲ್ಲಿ ಬಿಜಾಪುರದ ಹೆಸರು ವಿಜಯಪುರವಾಯಿತು, ಈಚಿನ ವರ್ಷಗಳಲ್ಲಿ ಇಳಕಲ್ ತಾನೇ ತಾಲ್ಲೂಕಿನ ಕೇಂದ್ರವಾಯಿತು. ಶಾಲೆಯ ದಾಖಲೆ ಒಂದು ಜಿಲ್ಲೆಯನ್ನೂ ಪಾಸ್‌ಪೋರ್ಟ್ ಇನ್ನೊಂದನ್ನೂ ಮದುವೆಯ ನೋಂದಣಿ ಮತ್ತೊಂದು ಕಾಗುಣಿತವನ್ನೂ ತೋರಿಸಿದರೆ, ಕರ್ನಾಟಕದ ಆಡಳಿತ ಚರಿತ್ರೆಯನ್ನು ಅರಿಯದ ಅಧಿಕಾರಿಗೆ ಮೂರು ಬೇರೆ ಬೇರೆ ಊರುಗಳು ಕಾಣುತ್ತವೆ. ಇದನ್ನು ಅಂಜಿಕೆಯಿಲ್ಲದೆ ವಿವರಿಸಬಹುದು, ಏಕೆಂದರೆ ಪ್ರತಿಯೊಂದು ಬದಲಾವಣೆಗೂ ಸರ್ಕಾರಿ ದಿನಾಂಕವಿದೆ. ಆದರೆ ಅರ್ಜಿಯಲ್ಲಿ ಯಾವ ಹೆಸರನ್ನು ಬರೆಯಲಾಗಿದೆಯೋ ಬಾಯಿಮಾತಿನಲ್ಲಿಯೂ ಅದನ್ನೇ ಹೇಳಿ, ಉಳಿದ ಹೆಸರುಗಳು ಏಕೆ ಬಂದವೆಂಬುದನ್ನು ಒಂದೆರಡು ವಾಕ್ಯಗಳಲ್ಲಿ ತಿಳಿಸುವಷ್ಟು ಸಿದ್ಧತೆ ಇರಬೇಕು.

ಮುಳುಗಡೆಯು ಇದಕ್ಕೆ ಮತ್ತೊಂದು ಪದರವನ್ನು ಸೇರಿಸಿದೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ ಆಲಮಟ್ಟಿ ಜಲಾಶಯದಲ್ಲಿ ನೀರು 519.6 ಮೀಟರಿಗೆ ನಿಲ್ಲತೊಡಗಿದಾಗ ಹಳೆಯ ಬಾಗಲಕೋಟೆಯ ದೊಡ್ಡ ಭಾಗವೂ ಕೃಷ್ಣೆ, ಘಟಪ್ರಭೆಯ ದಡದ ಹಲವು ಹಳ್ಳಿಗಳೂ ಹಿನ್ನೀರಿಗೆ ಸೇರಿದವು; ಜನ ನವನಗರಕ್ಕೆ, ಪುನರ್ವಸತಿ ಕೇಂದ್ರಗಳಿಗೆ ತೆರಳಿದರು. ಮನೆಯ ಉತಾರ, ಶಾಲೆಯ ರಿಜಿಸ್ಟರು, ಪಂಚಾಯಿತಿಯ ಕಡತಗಳು ಇದ್ದ ವಿಳಾಸಗಳೇ ಇಂದು ನೆಲದ ಮೇಲಿಲ್ಲ. ಹಳೆಯ ತಲೆಮಾರಿನವರಿಗೆ ಜನನ ಪ್ರಮಾಣಪತ್ರ ಇಲ್ಲದಿರುವುದು ಸಾಮಾನ್ಯ, ಏಕೆಂದರೆ ಜನನ ಮರಣ ನೋಂದಣಿಯ ಕಾಯ್ದೆ ಬಂದದ್ದೇ 1969ರಲ್ಲಿ. ಅಂಥವರು ಸ್ಥಳೀಯ ನೋಂದಣಾಧಿಕಾರಿಯಿಂದ ದಾಖಲೆ ಲಭ್ಯವಿಲ್ಲವೆಂಬ ಪ್ರಮಾಣಪತ್ರವನ್ನು ಪಡೆದು, ಶಾಲೆ ಬಿಟ್ಟ ದಾಖಲೆಯನ್ನೂ ಹುಟ್ಟನ್ನು ಬಲ್ಲ ಹಿರಿಯರ ಅಫಿಡವಿಟ್ಟನ್ನೂ ಒದಗಿಸುವುದು ವಾಡಿಕೆ. ಇಲ್ಲಿಯೇ ಜೂನ್ 1ರ ಸಮಸ್ಯೆ ಏಳುತ್ತದೆ. ಮಗುವನ್ನು ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ ಮಾಸ್ತರರು ಜೂನ್ 1 ಎಂದು ಬರೆದುಕೊಳ್ಳುತ್ತಿದ್ದುದು ಕನ್ನಡನಾಡಿನ ಊರೂರಲ್ಲಿ ಇದ್ದ ರೂಢಿ. ಗಂಡ, ಹೆಂಡತಿ, ಅಣ್ಣ, ತಮ್ಮ ಎಲ್ಲರೂ ಅದೇ ದಿನ ಹುಟ್ಟಿದವರಾಗಿ ಕಾಣುವ ಕುಟುಂಬಗಳಿಗೆ ಲೆಕ್ಕವಿಲ್ಲ. ಅದು ಸುಳ್ಳಲ್ಲ, ದಾಖಲೆಯಿಲ್ಲದ ಸಮಾಜವೊಂದು ದಾಖಲೆಯ ಲೋಕದೊಡನೆ ಮಾಡಿಕೊಂಡ ಹೊಂದಾಣಿಕೆ. ಎಲ್ಲ ಪತ್ರಗಳಲ್ಲಿಯೂ ಆ ದಿನವೇ ಇದ್ದರೆ ಅದೇ ದಾಖಲೆಯ ಜನ್ಮದಿನವೆಂದು ಹೇಳಬೇಕು. ಊರಿನ ಜಾತಕದಲ್ಲಿ ಬೇರೆ ದಿನವಿದೆಯೆಂಬುದು ತಿಳಿದಿದ್ದು, ಅಧಿಕಾರಿ ಆ ಬಗ್ಗೆ ಕೇಳಿದರೆ, ಮುಚ್ಚದೆ ವಿವರಿಸಬೇಕು.

ಹೆಸರಿನ ತೊಡಕೂ ಇಂಥದ್ದೇ. ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ತುಂಡುಗಳ ಕ್ರಮ ಈ ಭಾಗದ್ದು. ಮದುವೆಯಾದ ಹೆಣ್ಣುಮಕ್ಕಳಿಗೆ ಗಂಡನ ಮನೆಯಲ್ಲಿ ಅಡ್ಡಹೆಸರಷ್ಟೇ ಅಲ್ಲದೆ ಕೆಲವೊಮ್ಮೆ ಸ್ವಂತ ಹೆಸರೂ ಬದಲಾಗುತ್ತದೆ. ಅರ್ಜಿಯು ಹುಟ್ಟಿನಿಂದ ಈವರೆಗೆ ಬಳಸಿದ ಎಲ್ಲ ಹೆಸರುಗಳನ್ನೂ ಕೇಳುತ್ತದೆ. ತವರಿನ ಹೆಸರನ್ನು ಬರೆಯದೆ ಬಿಟ್ಟು, ಶಾಲೆಯ ದಾಖಲೆಯನ್ನು ಮಾತ್ರ ಲಗತ್ತಿಸಿದವರು ತಾವಾಗಿಯೇ ಅನುಮಾನಕ್ಕೆ ದಾರಿ ಮಾಡಿಕೊಡುತ್ತಾರೆ.

ಇನ್ನು ಪ್ರವಾಸ ಮತ್ತು ಹಣ. ಐದು ವರ್ಷಗಳ ಅವಧಿಯಲ್ಲಿ ಕನಿಷ್ಠ 30 ತಿಂಗಳು ಅಮೆರಿಕದ ನೆಲದ ಮೇಲೆ ಇದ್ದಿರಬೇಕೆಂಬುದು ಒಂದು ನಿಯಮ; ಒಂದೇ ಪ್ರವಾಸದಲ್ಲಿ ಆರು ತಿಂಗಳು ಮೀರಿ ಹೊರಗಿದ್ದರೆ ನಿರಂತರ ವಾಸ ಮುರಿಯಿತೆಂದು ಭಾವಿಸಲಾಗುತ್ತದೆ, ಹಾಗಲ್ಲವೆಂದು ತೋರಿಸುವ ಹೊಣೆ ಅರ್ಜಿದಾರರ ಮೇಲೆ ಬೀಳುತ್ತದೆ; ಒಂದು ವರ್ಷವಾದರೆ ವಾಸವು ಮುರಿದಂತೆಯೇ. ಬಾದಾಮಿಯ ಬನಶಂಕರಿ ಜಾತ್ರೆಗೆಂದು ಜನವರಿಯಲ್ಲಿ ಬಂದು, ಸುಗ್ಗಿ, ಮದುವೆ, ಕಾರಹುಣ್ಣಿಮೆ ಎಂದು ದಿನ ತಳ್ಳುವ ಹಿರಿಯರಿಗೆ ಈ ಲೆಕ್ಕ ತಿಳಿದಿರುವುದಿಲ್ಲ. ಹಣದ ವಿಷಯ ಇನ್ನೂ ಸೂಕ್ಷ್ಮ. ಖಾಯಂ ನಿವಾಸಿಯ ಆದಾಯ ಜಗತ್ತಿನ ಯಾವ ಮೂಲೆಯಿಂದ ಬಂದರೂ ಅಮೆರಿಕದ ತೆರಿಗೆ ವಿವರದಲ್ಲಿ ಕಾಣಿಸಬೇಕು. ಭಾರತದಲ್ಲಿ ತೆರಿಗೆಯಿಲ್ಲದ ಒಕ್ಕಲುತನದ ಆದಾಯ, ಮುಳುಗಡೆಯ ಪರಿಹಾರವನ್ನು ಬ್ಯಾಂಕಿನಲ್ಲಿಟ್ಟು ಬಂದ ಬಡ್ಡಿ, ನವನಗರದ ಮನೆಯ ಬಾಡಿಗೆ ಎಲ್ಲವೂ ಅದರಲ್ಲಿ ಸೇರುತ್ತವೆ. ವಿದೇಶದ ಖಾತೆಗಳಲ್ಲಿ ಒಟ್ಟು 10,000 ಡಾಲರು ಮೀರಿದರೆ ಅದನ್ನು ಬೇರೆಯಾಗಿ ವರದಿ ಮಾಡಬೇಕು. ಕಬ್ಬಿನ ಬಿಲ್ಲು ತಂದೆಯ ಖಾತೆಗೆ ಬರುತ್ತದೆ, ಅದು ಊರಿನ ವ್ಯವಹಾರ ಎಂಬ ಭಾವನೆ ಸಹಜವಾದದ್ದೇ, ಆದರೆ ಪ್ರಮಾಣದ ಮೇಲೆ ತೆರಿಗೆಯ ಪ್ರಶ್ನೆ ಬಂದಾಗ ಆ ಭಾವನೆ ಉತ್ತರವಾಗಲಾರದು.

ಇಷ್ಟರವರೆಗೆ ಹೇಳಿದ್ದು ಅರ್ಜಿದಾರರ ಹೊಣೆ. ಕೇಳುವ ರಾಜ್ಯಕ್ಕೂ ಮಿತಿಗಳಿರಬೇಕೆಂಬುದು ಈ ಚರ್ಚೆಯ ಇನ್ನೊಂದು ಮುಖ, ಮತ್ತು ಅಮೆರಿಕದ ಪದ್ಧತಿ ಆ ಮಿತಿಯನ್ನು ಸ್ಪಷ್ಟವಾಗಿ ದಾಟುವುದು ವೃದ್ಧರ ಭಾಷೆಯ ವಿಷಯದಲ್ಲಿ. 1906ರ ಕಾಯ್ದೆಯು ಇಂಗ್ಲಿಷ್ ಮಾತನಾಡಬೇಕೆಂದು ವಿಧಿಸಿತು. 1950ರಲ್ಲಿ ಓದು ಬರಹವೂ ಸೇರಿತು. ಇದಕ್ಕೆ ವಿನಾಯಿತಿಗಳಿವೆ: 50 ವರ್ಷ ದಾಟಿ 20 ವರ್ಷ ಖಾಯಂ ನಿವಾಸಿಯಾಗಿದ್ದವರು, 55 ದಾಟಿ 15 ವರ್ಷ ಇದ್ದವರು ಇಂಗ್ಲಿಷ್ ಪರೀಕ್ಷೆಯಿಂದ ಮುಕ್ತರು, ಅವರು ತಿಳಿವಳಿಕೆಯ ಪ್ರಶ್ನೆಗಳಿಗೆ ದುಭಾಷಿಯ ನೆರವಿನಿಂದ ಕನ್ನಡದಲ್ಲಿಯೇ ಉತ್ತರಿಸಬಹುದು, 65 ದಾಟಿ 20 ವರ್ಷ ಇದ್ದವರಿಗೆ ಇನ್ನೂ ಕಿರಿದಾದ 20 ಪ್ರಶ್ನೆಗಳ ಪಟ್ಟಿಯಿದೆ, ವೈದ್ಯಕೀಯ ಕಾರಣದ ವಿನಾಯಿತಿಯೂ ಇದೆ. ಆದರೆ ವೈದ್ಯಕೀಯ ಕಾರಣದ್ದೊಂದನ್ನು ಬಿಟ್ಟರೆ ಈ ವಿನಾಯಿತಿಗಳೆಲ್ಲ ವಯಸ್ಸಿನ ಜೊತೆಗೆ ದೀರ್ಘ ವಾಸವನ್ನೂ ಬೇಡುತ್ತವೆ. ಗಂಡ ತೀರಿಕೊಂಡ ಮೇಲೆ 66ನೆಯ ವಯಸ್ಸಿನಲ್ಲಿ ಮಗನ ಬಳಿಗೆ ಹೋದ ಇಳಕಲ್‌ನ ನೇಕಾರ ಕುಟುಂಬದ ತಾಯಿಯೊಬ್ಬಳು 71ಕ್ಕೆ ಅರ್ಜಿ ಹಾಕಿದರೆ, ಬದುಕಿನುದ್ದಕ್ಕೂ ಇಳಕಲ್ ಸೀರೆಯ ಟೋಪ ತೆನಿ ಸೆರಗಿನ ಲೆಕ್ಕವನ್ನು ಕಣ್ಣಳತೆಯಲ್ಲಿ ಹಿಡಿದವಳಾದರೂ, ಇಂಗ್ಲಿಷಿನಲ್ಲಿ ಓದಿ ಬರೆದು ತೋರಿಸಬೇಕು. ಹದಿನೈದು ವರ್ಷ ಕಾಯಲು ಅವಳಿಗೆ ಆಯುಷ್ಯವೆಲ್ಲಿದೆ? ಬ್ರಿಟನ್ನಿನಲ್ಲಿ 65 ತುಂಬಿದವರಿಗೆ ಭಾಷೆಯ ಮತ್ತು ತಿಳಿವಳಿಕೆಯ ಪರೀಕ್ಷೆಗಳಿಂದ ವಿನಾಯಿತಿಯಿದೆ, ಕೆನಡಾದಲ್ಲಿ ಪರೀಕ್ಷೆಯೇ 18ರಿಂದ 54ರವರೆಗಿನವರಿಗೆ ಮಾತ್ರ, ಆಸ್ಟ್ರೇಲಿಯದಲ್ಲಿ 60 ತುಂಬಿದವರು ಪರೀಕ್ಷೆಗೆ ಕೂರಬೇಕಿಲ್ಲ. ಈ ಮೂರು ದೇಶಗಳು ತಮ್ಮ ಭಾಷೆಯನ್ನು ಕಳೆದುಕೊಂಡಿಲ್ಲ, ಸಾಮಾಜಿಕ ಐಕ್ಯವೂ ಅವುಗಳಲ್ಲಿ ಹಾಳಾಗಿಲ್ಲ. ಹೀಗಿರುವಾಗ ವೃದ್ಧರ ಮೇಲೆ ಭಾಷೆಯ ಷರತ್ತು ಹೇರುವುದಕ್ಕೆ ಆಡಳಿತದ ಕಾರಣವೂ ಇಲ್ಲ, ನೀತಿಯ ಕಾರಣವೂ ಇಲ್ಲ.

ಭಾರತದ ಕಾನೂನನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಹೆಮ್ಮೆಪಡಬೇಕಾದ ಅಂಶವೊಂದು ಕಾಣುತ್ತದೆ. 1955ರ ಪೌರತ್ವ ಕಾಯ್ದೆಯ ಮೂರನೆಯ ಅನುಸೂಚಿಯು, ದೇಶೀಕರಣದ ಮೂಲಕ, ಅಂದರೆ ದೀರ್ಘ ವಾಸದ ಆಧಾರದ ಮೇಲೆ, ಪೌರತ್ವ ಬಯಸುವವರಿಗೆ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದಾದರೂ ಒಂದು ಭಾಷೆ ಸಾಕಷ್ಟು ಗೊತ್ತಿರಬೇಕೆಂದಷ್ಟೇ ಹೇಳುತ್ತದೆ. ಹಿಂದಿಯಾಗಲಿ ಇಂಗ್ಲಿಷಾಗಲಿ ಕಡ್ಡಾಯವಲ್ಲ. ಬಾದಾಮಿಯಲ್ಲಿ ನೆಲೆಸಿದ ವಿದೇಶಿಯೊಬ್ಬರು ಕನ್ನಡವೊಂದನ್ನೇ ಕಲಿತು ಭಾರತದ ಪ್ರಜೆಯಾಗಬಹುದು. ಭಾರತೀಯರನ್ನು ಮದುವೆಯಾಗಿ ಏಳು ವರ್ಷ ಇಲ್ಲಿ ವಾಸಿಸಿದವರು ನೋಂದಣಿಯ ಮೂಲಕ ಅರ್ಜಿ ಹಾಕಿದಾಗ ಅದು ಜಿಲ್ಲಾಧಿಕಾರಿಯ ಮೂಲಕವೇ ಮೇಲಕ್ಕೆ ಹೋಗುತ್ತದೆ. ಅಂತಿಮವಾಗಿ ತೆಗೆದುಕೊಳ್ಳುವ ಪ್ರಮಾಣವು ಸಂವಿಧಾನಕ್ಕೆ ನಿಷ್ಠೆ, ಕಾನೂನಿನ ಪಾಲನೆ, ಪ್ರಜೆಯ ಕರ್ತವ್ಯಗಳ ನಿರ್ವಹಣೆ ಇವಿಷ್ಟನ್ನು ಒಳಗೊಂಡದ್ದು. 2019ರ ತಿದ್ದುಪಡಿ ಮತ್ತು 2024ರ ಮಾರ್ಚ್‌ನಲ್ಲಿ ಬಂದ ನಿಯಮಗಳು ಮೂರು ನೆರೆದೇಶಗಳಿಂದ ಬಂದ ಆರು ಧರ್ಮಗಳ ನಿರಾಶ್ರಿತರಿಗೆ ಬೇರೊಂದು ದಾರಿಯನ್ನು ತೆರೆದಿವೆ. ಹುನಗುಂದ, ಇಳಕಲ್‌ಗಳ ಮೂಡಣಕ್ಕಿರುವ ಸಿಂಧನೂರಿನ ಪುನರ್ವಸತಿ ಶಿಬಿರಗಳ ಬಂಗಾಳಿ ಕುಟುಂಬಗಳಿಗೆ ಇದು ದೂರದ ಮಾತಲ್ಲ. ಈ ಹೊಸ ದಾರಿಯಲ್ಲಿ ಅರ್ಜಿದಾರರನ್ನು ಖುದ್ದಾಗಿ ಕರೆಸಿ ದಾಖಲೆ ನೋಡಿ ಪ್ರಮಾಣ ಮಾಡಿಸುವ ಜಿಲ್ಲಾ ಸಮಿತಿಗೆ ಅಂಚೆ ಇಲಾಖೆಯ ಅಧೀಕ್ಷಕರು ಮುಖ್ಯಸ್ಥರು. ಧರ್ಮವನ್ನು ಅರ್ಹತೆಯ ಅಳತೆಯಾಗಿಸುವುದು ಸಂವಿಧಾನದ 14ನೆಯ ವಿಧಿಗೆ ಒಪ್ಪುವುದೇ ಎಂಬ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನ ಮುಂದೆ ಒಯ್ಯಲಾಗಿದೆ. ಆ ಪ್ರಶ್ನೆ ಗಂಭೀರವಾದದ್ದು. ಭಾಷೆಯ ಉದಾರತೆಗೆ ಭಾರತವನ್ನು ಮೆಚ್ಚುವವರು ಒಂದು ಕೊರತೆಯನ್ನೂ ಒಪ್ಪಬೇಕು: ಅಧಿಕಾರಿ ಏನು ಕೇಳಬಹುದು ಎಂಬುದರ ಪ್ರಕಟಿತ ಪ್ರಶ್ನಾವಳಿ ಇಲ್ಲಿನ ನಿಯಮಗಳಲ್ಲಿಲ್ಲ. ಅಮೆರಿಕದಲ್ಲಿ ಸಂದರ್ಶನವಾದ 120 ದಿನಗಳಲ್ಲಿ ತೀರ್ಮಾನವಾಗದಿದ್ದರೆ ಅರ್ಜಿದಾರರು ನ್ಯಾಯಾಲಯಕ್ಕೆ ಹೋಗಬಹುದು, ತಿರಸ್ಕಾರವಾದರೆ 30 ದಿನಗಳಲ್ಲಿ ಮರುವಿಚಾರಣೆ ಕೇಳಬಹುದು. ಇಂಥ ನಿಶ್ಚಿತತೆ ಇಲ್ಲಿಗೂ ಬರಬೇಕು.

ಪ್ರಶ್ನೆ ಕೇಳುವ ಹಕ್ಕಿನ ಬಗ್ಗೆ ಯೋಚಿಸುವಾಗ ಈ ಸೀಮೆಯ ಹಳೆಯ ನೆನಪುಗಳು ಅಪ್ರಸ್ತುತವಲ್ಲ. ಹದಿನೈದನೆಯ ಶತಮಾನದಿಂದ ಹಲವು ಪರಿಷ್ಕರಣೆಗಳಲ್ಲಿ ಬೆಳೆದ ಶೂನ್ಯಸಂಪಾದನೆಯು, ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭು ಶರಣರ ಸಭೆಯಲ್ಲಿ ಕಠಿಣವಾಗಿ ಪ್ರಶ್ನಿಸಿದ ಸಂದರ್ಭವನ್ನು ಕಟ್ಟಿಕೊಡುತ್ತದೆ. ಬಸವಣ್ಣನ ಐಕ್ಯಸ್ಥಳವಾದ ಕೂಡಲಸಂಗಮ ಹುನಗುಂದದ ನೆರೆಯಲ್ಲಿಯೇ ಇರುವುದರಿಂದ ಈ ಕಥನ ಇಲ್ಲಿನ ಮನೆಮಾತು. ಆ ಪ್ರಶ್ನೆಗಳು ಒಳಗಿನ ನಿಲುವನ್ನು ಅಳೆಯುವಂಥವು. ಕೇಳಿದವರೂ ಅದೇ ಸಾಧನೆಯ ಹಾದಿಯಲ್ಲಿದ್ದವರು. ಆಧುನಿಕ ರಾಜ್ಯಕ್ಕೆ ಅಂಥ ಅಧಿಕಾರವಿಲ್ಲ, ಇರಲೂಬಾರದು. ಅದು ಕೇಳಬಹುದಾದದ್ದು ನಡೆದ ಕೃತ್ಯಗಳನ್ನು, ಕೊಟ್ಟ ಮಾತುಗಳನ್ನು ಮಾತ್ರ. ಸಂವಿಧಾನದ ತತ್ವಗಳಿಗೆ ಒಲವಿರಬೇಕೆಂದು ಅಮೆರಿಕದ ಕಾನೂನು ವಿಧಿಸುವಾಗ, ಒಲವನ್ನು ಅಳೆಯುವ ನೆಪದಲ್ಲಿ ಅಭಿಪ್ರಾಯಗಳನ್ನು ಕೆದಕುವ ಅಪಾಯ ಇದ್ದೇ ಇರುತ್ತದೆ.

ಬಾದಾಮಿ ಚಾಲುಕ್ಯರ ಕಾಲದ ಲಕ್ಷ್ಮೇಶ್ವರದ ಶಾಸನ ಇನ್ನೊಂದು ಬಗೆಯ ಬೆಳಕನ್ನು ಕೊಡುತ್ತದೆ. ಎಂಟನೆಯ ಶತಮಾನದ ಮೊದಲ ಭಾಗದಲ್ಲಿ ಯುವರಾಜ ವಿಕ್ರಮಾದಿತ್ಯನು ಪೊರಿಗೆರೆಯ, ಅಂದರೆ ಇಂದಿನ ಲಕ್ಷ್ಮೇಶ್ವರದ, ಮಹಾಜನರಿಗೂ ಊರಿನ ಹದಿನೆಂಟು ಪ್ರಕೃತಿಗಳಿಗೂ ಬರೆಸಿಕೊಟ್ಟ ಆ ವ್ಯವಸ್ಥೆಯಲ್ಲಿ ರಾಜಪುರುಷರು ಕಾಯಬೇಕಾದದ್ದು ಏನು, ಊರವರು ಸಲ್ಲಿಸಬೇಕಾದದ್ದು ಏನು ಎಂಬ ಎರಡು ಕಡೆಯ ಕಟ್ಟಳೆಗಳೂ ಕಲ್ಲಿನ ಮೇಲಿವೆ. ಪ್ರಜೆತನವು ಎರಡೂ ಕಡೆಯವರನ್ನು ಕಟ್ಟುವ ಕರಾರು ಎಂಬ ತಿಳಿವು ಅಲ್ಲಿದೆ. ಇಂದಿನ ಸಂದರ್ಶನದ ಕೋಣೆಯಲ್ಲಿ ಒಂದೇ ಕಡೆಯವರು ಪ್ರಶ್ನೆಗೆ ಒಳಗಾಗುತ್ತಾರೆ. ರಾಜ್ಯವು ತನ್ನ ಪಾಲಿನ ಕಟ್ಟಳೆಯನ್ನು ತಪ್ಪಿದಾಗ ಏನಾಗುತ್ತದೆಂಬುದಕ್ಕೆ ಚರಿತ್ರೆಯಲ್ಲಿ ಸಾಕ್ಷಿಯಿದೆ: 1923ರಲ್ಲಿ ಭಗತ್ ಸಿಂಗ್ ಥಿಂದ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಾರತೀಯರು ಬಿಳಿಯರಲ್ಲವೆಂಬ ಕಾರಣಕ್ಕೆ ಪೌರತ್ವಕ್ಕೆ ಅನರ್ಹರೆಂದು ಸಾರಿತು, ಆ ದೇಶದ ಸೇನೆಯಲ್ಲಿ ದುಡಿದಿದ್ದ ಥಿಂದ್ ಅವರಿಗೂ ರಿಯಾಯಿತಿ ಸಿಗಲಿಲ್ಲ. 1946ರ ಕಾಯ್ದೆ ಬರುವವರೆಗೆ ಯಾವ ಪ್ರಶ್ನೆಗೆ ಎಷ್ಟೇ ಚೆನ್ನಾಗಿ ಉತ್ತರಿಸಿದರೂ ಬಹುಪಾಲು ಭಾರತೀಯರಿಗೆ ಬಾಗಿಲು ಮುಚ್ಚಿತ್ತು. ಅದಕ್ಕೆ ಪೂರ್ಣ ವಿರುದ್ಧವಾದದ್ದು ಜಮಖಂಡಿ, ಮುಧೋಳ ಸಂಸ್ಥಾನಗಳ ಪ್ರಜೆಗಳ ಅನುಭವ: 1948ರಲ್ಲಿ ಆ ಸಂಸ್ಥಾನಗಳು ವಿಲೀನವಾಗಿ, ಸಂವಿಧಾನದ ಪೌರತ್ವದ ವಿಧಿಗಳು 1949ರ ನವೆಂಬರ್ 26ರಂದೇ ಜಾರಿಯಾದಾಗ, ಅರಸರ ಆಳಿಕೆಯಲ್ಲಿದ್ದವರು ಒಂದೇ ಒಂದು ಪ್ರಶ್ನೆಯಿಲ್ಲದೆ ಗಣರಾಜ್ಯದ ಪ್ರಜೆಗಳಾದರು.

ಅಮೆರಿಕದಲ್ಲಿ ಸಂದರ್ಶನ ಗೆದ್ದ ಮೇಲೆ ಕೊನೆಯದಾಗಿ ನಿಷ್ಠೆಯ ಪ್ರಮಾಣವಿರುತ್ತದೆ. ಹಿಂದಿನ ನಾಡಿನ ನಿಷ್ಠೆಯನ್ನು ತೊರೆಯುವ ಮಾತು ಅದರಲ್ಲಿದೆ. ಆ ಮಾತಿಗೆ ಭಾರತದ ಕಾನೂನೂ ತನ್ನ ಪರಿಣಾಮವನ್ನು ಕೂಡಿಸುತ್ತದೆ. ಪೌರತ್ವ ಕಾಯ್ದೆಯ 9ನೆಯ ಸೆಕ್ಷನ್ ಪ್ರಕಾರ ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವರು ಆ ಕ್ಷಣದಿಂದಲೇ ಭಾರತದ ಪ್ರಜೆಗಳಲ್ಲ. ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಬೇಕು, ಊರಿನ ಮತದಾರರ ಪಟ್ಟಿಯಿಂದ ಹೆಸರು ತೆಗೆಸಬೇಕು. ಸಾಗರೋತ್ತರ ಪೌರತ್ವ ಎಂಬ ಹೆಸರಿನ ಕಾರ್ಡು ಜೀವಾವಧಿಯ ವೀಸಾ ಇದ್ದಂತೆ. ಮತದ ಹಕ್ಕು, ಚುನಾವಣೆಗೆ ನಿಲ್ಲುವ ಹಕ್ಕು ಅದರಲ್ಲಿಲ್ಲ, ಕೃಷಿಭೂಮಿಯನ್ನು ಕೊಳ್ಳುವ ಹಕ್ಕೂ ಇಲ್ಲ. ತಂದೆಯ ಹೊಲ ವಾರಸಾಗಿ ಬಂದರೆ ಇಟ್ಟುಕೊಳ್ಳಬಹುದು, ಮಾರಬೇಕಾದರೆ ಭಾರತದಲ್ಲಿ ನೆಲೆಸಿದ ಪ್ರಜೆಗೇ ಮಾರಬೇಕು.

ಆದ್ದರಿಂದ ಹೊರದೇಶದಲ್ಲಿ ತಾಯಿತಂದೆಯರ ಹೆಸರಿನಲ್ಲಿ ಅರ್ಜಿ ತುಂಬುವ ಮಕ್ಕಳಲ್ಲಿ ಒಂದು ಕೋರಿಕೆ. ಪ್ರಶ್ನಾವಳಿಯ ಪುಸ್ತಕವನ್ನು ಹಿರಿಯರ ಕೈಗಿಡುವ ಮೊದಲು ಅರ್ಜಿಯ ಪ್ರತಿಯೊಂದು ಪುಟವನ್ನೂ ಕನ್ನಡದಲ್ಲಿ ಓದಿ ಹೇಳಿ, ಊರಿನ ಹೊಲ, ಮನೆ, ಖಾತೆಗಳ ಲೆಕ್ಕವನ್ನು ಎದುರಿಗಿಡಿ, 9ನೆಯ ಸೆಕ್ಷನ್ನಿನ ಅರ್ಥವನ್ನು ಬಿಡಿಸಿ ತಿಳಿಸಿ, ಆಮೇಲೆ ಅವರಿಗೆ ಆ ಪೌರತ್ವ ನಿಜವಾಗಿ ಬೇಕೇ ಎಂದು ಕೇಳಿ. ಬೇಡವೆಂದರೆ ಖಾಯಂ ನಿವಾಸಿಯಾಗಿಯೇ ಉಳಿಯಲು ಕಾನೂನಿನಲ್ಲಿ ಯಾವ ಅಡ್ಡಿಯೂ ಇಲ್ಲ.